ಕಪ್ಪು ಬಿಯರಿಗೆ ಒಪ್ಪಿಗೆ

ಟೋಕಿಯೊ
೨೪ ಸೆಪ್ಟೆಂಬರ್ ೨೦೦೦

ಪ್ರಿಯ ಅಣ್ಣ ಮೊರಿಹಿಕೊಗೆ,

ಇಂದು ಸೆಪ್ಟೆಂಬರ್ ಇಪ್ಪತ್ತನಾಲ್ಕನೆಯ ತಾರೀಖು, ಭಾನುವಾರ. ಈ ಪತ್ರದ ಉದ್ದೇಶ ಒಂದೇ: ಬರುವ ಚಳಿಗಾಲಕ್ಕೆ ನಮ್ಮ ಮನೆಯ ಬಿಯರ್ ಯಾವ ಬಗೆಯದಾಗಿರಬೇಕು ಎಂಬ ನನ್ನ ತೀರ್ಮಾನವನ್ನು ನಿನಗೆ ತಿಳಿಸುವುದು. ಗಾಳಿ ತಂಪಾಯಿತು, ಹುಲ್ಲಿನಲ್ಲಿ ಹುಳುಗಳು ಹಾಡುತ್ತಿವೆ ಎಂದು ಋತುವಿನ ಮಾತಿನಿಂದ ಆರಂಭಿಸುವ ಪದ್ಧತಿಯನ್ನು ಕೈಬಿಟ್ಟಿದ್ದೇನೆ. ಅದಕ್ಕೆ ನನಗೆ ಸಮಯವಿಲ್ಲ, ನಿನಗೆ ತಾಳ್ಮೆಯಿಲ್ಲ.

ಕಳೆದ ಚಳಿಗಾಲದಲ್ಲಿ ಅತಿಥಿಗಳು ನಮ್ಮ ಬಿಯರನ್ನು ಅರ್ಧ ಕುಡಿದು ಬಿಟ್ಟರೆಂದೂ, ಬಿಸಿನೀರ ಬುಗ್ಗೆಗಳ ಬಳಿಯ ವಸತಿಗೃಹಗಳವರು ಇನ್ನೊಂದೇ ಅವಕಾಶ ಕೊಡುವುದಾಗಿ ಹೇಳಿದ್ದಾರೆಂದೂ ನೀನು ಬರೆದಿದ್ದೆ. ಅಪ್ಪ ಕಟ್ಟಿದ ಬ್ರೂವರಿ ಉಳಿಯುವುದೂ ಮುಚ್ಚುವುದೂ ಈ ಒಂದು ಚಳಿಗಾಲದ ಮೇಲೆ ನಿಂತಿದೆ. ಆದ್ದರಿಂದ ಬೇಸಿಗೆಯಲ್ಲಿ ರಜೆ ಸಿಕ್ಕಾಗಲೆಲ್ಲ ರೈಲು ಹತ್ತಿ, ದೇಶದ ಬಿಯರ್‌ಗಳನ್ನು ಕ್ರಮಬದ್ಧವಾಗಿ ಕುಡಿದು ನೋಡಿದೆ. ಬಿಯರ್ ತಯಾರಿಕೆಯ ತರಗತಿಗೆ ಮೊದಲಿಗಳಾಗಿ ಬಂದವಳು ತನ್ನ ಮನೆಗೇ ಉಪಯೋಗಕ್ಕೆ ಬಾರದಿದ್ದರೆ ಆ ಸ್ಥಾನಕ್ಕೆ ಅರ್ಥವಿಲ್ಲ.

ಮೊದಲಿಗೆ, ದೊಡ್ಡ ಕಂಪನಿಗಳ ಅಕ್ಕಿ ಬೆರೆಸಿದ ತಿಳಿ ಬಿಯರ್. ಕಚೇರಿ ಮುಗಿಸಿ ಬಂದವರು ಕೂರುವ ಮೊದಲೇ "ಸದ್ಯಕ್ಕೆ ಬಿಯರ್" ಎಂದು ಕೂಗುತ್ತಾರಲ್ಲ, ಅವರು ಕೇಳುವುದು ಇದನ್ನು. ನಾಲಗೆಯ ಮೇಲೆ ಚಾಕುವಿನಂತೆ ಹಾದುಹೋಗುತ್ತದೆ. ಹಿಂದೆ ಏನನ್ನೂ ಬಿಡುವುದಿಲ್ಲ. ಏನೂ ಉಳಿಯದಿರುವುದೇ ಅದರ ಗುಣ. ತೆರಿಗೆ ತಗ್ಗಿಸಲು ಬಾರ್ಲಿಯನ್ನು ಕಡಿಮೆ ಮಾಡಿದ ಹಪ್ಪೋಶುವನ್ನೂ ಕುಡಿದೆ; ಖಾಲಿ ಬಾಟಲಿಗೆ ಬಿಯರಿನ ನೆನಪು ಬಂದಂತಿತ್ತು. ಇವೆರಡನ್ನು ನಾವು ಮುಟ್ಟಬಾರದು.

ಕ್ಯೋಟೋದ ಓಣಿಯೊಂದರಲ್ಲಿ ಸಾನ್ಶೋ ಮೆಣಸಿನ ಕಾಳು ಹಾಕಿದ ಗೋಧಿ ಬಿಯರ್ ಸಿಕ್ಕಿತು. ಮೂಗಿಗೆ ಮೊದಲು ಹೊಸದಾಗಿ ಹಾಸಿದ ತತಾಮಿ ಚಾಪೆ, ಆಮೇಲೆ ಮಾಗಿದ ಬಾಳೆಹಣ್ಣು. ನುಂಗಿದ ಮೇಲೆ ತುದಿನಾಲಗೆ ಜುಮ್ಮೆನ್ನುತ್ತದೆ. ಶಿಕೋಕುವಿನ ಯುಝು ಎಂಬ ನಿಂಬೆಯ ಬಿಯರ್ ನಮ್ಮ ಮನೆಯ ಮರದ ಸ್ನಾನದ ತೊಟ್ಟಿಯನ್ನು ನೆನಪಿಸಿತು. ವರ್ಷದ ಅತಿ ಚಿಕ್ಕ ಹಗಲಿನಂದು ಅಪ್ಪ ಅದರಲ್ಲಿ ಯುಝು ತೇಲಿಬಿಡುತ್ತಿದ್ದರು. ನೀನು ಒಂದನ್ನು ಕಚ್ಚಿ ಮುಖ ಹಿಂಡಿಕೊಳ್ಳುತ್ತಿದ್ದೆ. ಸಾಯ್ತಾಮಾದ ಗೆಣಸಿನ ಬಿಯರಿನಲ್ಲಿ, ಸುಟ್ಟ ಗೆಣಸು ಮಾರುವ ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ ಬೀದಿಯಲ್ಲಿ ಉಳಿಯುವ ವಾಸನೆಯಿದೆ. ಎಲ್ಲವೂ ಒಳ್ಳೆಯವೇ. ಆದರೆ ಹಿಮದಿಂದ ಬಂದು ಬಿಸಿನೀರಿನಲ್ಲಿ ಮಿಂದು ಊಟಕ್ಕೆ ಕೂತವನಿಗೆ ಅವು ಸಾಲವು.

ಕೊನೆಗೆ ಹೊಕ್ಕೈಡೊದಲ್ಲಿ ಕಪ್ಪು ಬಿಯರ್ ಕುಡಿದೆ. ಅಂಚು ಕರಕಲಾದ ಅಕ್ಕಿಯ ಬಿಲ್ಲೆ, ಸೋಯಾ ಪೀಪಾಯಿಯ ತಳ, ಕೊನೆಗೆ ಸಣ್ಣದೊಂದು ಹೊಗೆ. ಅಜ್ಜಿ ಒಲೆಯ ಮೇಲೆ ತೂಗುಹಾಕಿ ಹೊಗೆಯಾಡಿಸುತ್ತಿದ್ದ ಮೂಲಂಗಿಗೆ ಇದಕ್ಕಿಂತ ಒಳ್ಳೆಯ ಜೊತೆ ಬೇರೊಂದಿಲ್ಲ. ನಮ್ಮ ಅಕಿತಾದ ಮೂಲಂಗಿ ಉಪ್ಪಿನಕಾಯಿಯ ತಟ್ಟೆ, ಪಕ್ಕದಲ್ಲಿ ನಮ್ಮ ಕಪ್ಪು ಬಿಯರ್: ಇದೇ ನನ್ನ ತೀರ್ಮಾನ.

ಒಂದು ನಿಯಮ. ವಾಸನೆಯ ವಿಷಯದಲ್ಲಿ ನಿನ್ನ ಮೂಗು ಎಂಥದೆಂದು ನಿನಗೂ ಗೊತ್ತು. ಟ್ಯಾಂಕಿನಿಂದ ಎರಡು ಬಾಟಲಿ ಮೊದಲು ನನಗೆ ಕಳಿಸು. ನಾನು ಲಿಖಿತ ಒಪ್ಪಿಗೆ ಕೊಡುವವರೆಗೆ ಉಳಿದದ್ದನ್ನು ತುಂಬಬೇಡ.

ಇಂತಿ,
ಚಿಗುಸಾ


ತೊಚಿಸಾವಾ
೮ ಅಕ್ಟೋಬರ್ ೨೦೦೦

ಪ್ರೀತಿಯ ತಂಗಿ ಚಿಗುಸಾಗೆ,

ಇಲ್ಲಿ ಗಾಳಿ ತಂಪಾಗಿದೆ, ಹುಲ್ಲಿನಲ್ಲಿ ಹುಳುಗಳು ಹಾಡುತ್ತಿವೆ. ನೀನು ಬಿಟ್ಟದ್ದನ್ನು ನಾನು ಬರೆದೆ. ಲೆಕ್ಕ ಸರಿಹೋಯಿತು.

ನಿನ್ನ ಪತ್ರವನ್ನು ಅಮ್ಮ ನನ್ನಿಂದ ಎರಡು ಸಲ ಓದಿಸಿದಳು. "ನೋಡ್ದ್ಯಾ, ಹೆಂಗೆ ಬರೀತಾಳೆ. ಒಂದೇ ಹೊಟ್ಟೇಲಿ ಹುಟ್ಟಿದ್ರಿ ಇಬ್ರೂ. ನೀನು ಅನ್ನ ಹೊತ್ತಿದ್ರೂ ಅಕ್ಕಪಕ್ಕದವ್ರು ಬಂದು ಹೇಳ್ಬೇಕು," ಅಂದಳು. ನಾಮಿಯೆ ಮೂಲೆಯಲ್ಲಿ ಲೇಬಲ್ ಕತ್ತರಿಸುತ್ತಾ ನಗು ತಡೆದುಕೊಂಡಿದ್ದಳು. ಅಮ್ಮ ಆಚೆ ಹೋದ ಮೇಲೆ, "ರೀ, ಒಂದು ಲೋಟದಲ್ಲಿ ಚಾಪೆ, ಬಾಳೆಹಣ್ಣು ಎಲ್ಲ ಕಾಣುತ್ತಾ ಅವ್ಳಿಗೆ? ನಂಗೆ ಕುಡಿದ್ರೆ ನಿದ್ದೆ ಬರುತ್ತೆ ಅಷ್ಟೆ," ಅಂದಳು.

ನಿನ್ನ ಅತ್ತಿಗೆಗೆ ಇದು ಇಲ್ಲಿ ಎರಡನೆಯ ಚಳಿಗಾಲ. ದಕ್ಷಿಣದ ಕಾಗೊಶಿಮಾದಲ್ಲಿ ಹಿಮವನ್ನು ಟೀವಿಯಲ್ಲಷ್ಟೇ ನೋಡಿದವಳು. ಈಗಲೇ ಎರಡು ಕಾಲುಚೀಲ ಹಾಕಿಕೊಂಡು ಓಡಾಡುತ್ತಾಳೆ. ಹೋದ ವರ್ಷ ಅವಳು ಉಗ್ರಾಣದಲ್ಲಿ ಬಿಟ್ಟ ಬಾಟಲಿಗಳು ಹೆಪ್ಪುಗಟ್ಟಿ ಬಿರಿದದ್ದನ್ನು ಅಮ್ಮ ಇನ್ನೂ ಮರೆತಿಲ್ಲ. ಬೀಗರ ಎದುರಿಗೂ ಹೇಳುತ್ತಾಳೆ. ಆದರೂ ಕೆಲಸಕ್ಕೆ ಹಿಂದೆಮುಂದೆ ನೋಡುವವಳಲ್ಲ. ಈ ವರ್ಷ ಮೂಲಂಗಿಯನ್ನು ತಾನೇ ಹೊಗೆಗೆ ಹಾಕುತ್ತಾಳಂತೆ.

ಕಪ್ಪು ಬಿಯರ್ ಅಂದರೆ ಕಪ್ಪು ಬಿಯರ್. ಬಾರ್ಲಿ ಬಂದಿದೆ, ಮುಂದಿನ ವಾರ ಕುದಿಸುತ್ತೇನೆ. ನಿನ್ನ ನಿಯಮವೂ ಸರಿ. ಮೊದಲಿಗಳ ಮಾತು ಮೀರಿದರೆ ನನಗೆ ಅನ್ನ ಸಿಗುವುದಿಲ್ಲ.

ನಿನ್ನ ಅಣ್ಣ,
ಮೊರಿಹಿಕೊ


ಟೋಕಿಯೊ
೧೨ ನವೆಂಬರ್ ೨೦೦೦

ಪ್ರಿಯ ಅಣ್ಣನಿಗೆ,

ಉತ್ತರ ತಡವಾದುದಕ್ಕೆ ಕಾರಣ ಜ್ವರ. ಒಂದು ವಾರ ಮಲಗಿದ್ದೆ, ಈಗ ಎದ್ದಿದ್ದೇನೆ. ಅಮ್ಮನಿಗೆ ಹೇಳುವ ಅಗತ್ಯವಿಲ್ಲ.

ಹೇಳಬೇಕಾದದ್ದು ಇದು. ಮಾರ್ಚ್ ಮೊದಲ ವಾರದಲ್ಲಿ ನಡೆಯುವ ರಾಷ್ಟ್ರೀಯ ಬಿಯರ್ ಪರೀಕ್ಷೆಗೆ ನನ್ನನ್ನು ತೀರ್ಪುಗಾರಳಾಗಿ ಆರಿಸಿದ್ದಾರೆ. ಈವರೆಗೆ ಆ ಮೇಜಿನಲ್ಲಿ ನನ್ನ ವಯಸ್ಸಿನವರಾರೂ ಕೂತಿಲ್ಲ. ಹೆಂಗಸರಂತೂ ಇಲ್ಲವೇ ಇಲ್ಲ. ನಮ್ಮ ಬಿಯರ್ ಕಂಪನಿಯ ರುಚಿ ಪರೀಕ್ಷೆ ವಿಭಾಗದ ಮುಖ್ಯಸ್ಥ ಇಸೋಬೆಯವರು ಎಲ್ಲರೆದುರು ಹೇಳಿದರು: "ಅಸಾರಿ ಚಿಗುಸಾ ಅವರ ಮೂಗಿಗೆ ವಿಮೆ ಮಾಡಿಸಬೇಕಪ್ಪ. ನಮ್ಮೆಲ್ಲರ ಸಂಬಳ ಅದರ ಮೇಲೇ ನಿಂತಿದೆ." ಎಲ್ಲರೂ ನಕ್ಕರು. ನಾನೂ ನಕ್ಕೆ.

ಬೇರೆ ವಿಶೇಷವಿಲ್ಲ. ನಿನ್ನೆ ಒಲೆಯ ಮೇಲಿಟ್ಟ ಮೀನು ಕರಕಲಾಗಿ, ಕೆಳಗಿನ ಮನೆಯೊಡತಿ ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿದಳು. "ಇಡೀ ಕಟ್ಟಡ ನಾರ್ತಿದೆ, ನೀನು ಇಲ್ಲೇ ಕೂತಿದ್ದೀಯಲ್ಲಮ್ಮ," ಎಂದಳು. ನಾನು ಓದುವುದರಲ್ಲಿ ಮುಳುಗಿದ್ದೆ. ಟೋಕಿಯೊದಲ್ಲಿ ಅನ್ನಕ್ಕೂ ರುಚಿಯಿಲ್ಲ, ನೀರಿನ ದೋಷವಿರಬೇಕು.

ಮಾದರಿ ಬಾಟಲಿಗಳನ್ನು ಬೇಗ ಕಳಿಸು.

ಇಂತಿ,
ಚಿಗುಸಾ


ತೊಚಿಸಾವಾ
೨೩ ನವೆಂಬರ್ ೨೦೦೦

ಪ್ರೀತಿಯ ಚಿಗುಸಾಗೆ,

ನಿನ್ನ ಸುದ್ದಿ ಕೇಳಿ ಅಮ್ಮ ದೇವರಮನೆಯಲ್ಲಿ ಅಪ್ಪನ ಫೋಟೋದ ಮುಂದೆ ಒಂದು ಲೋಟ ಬಿಯರ್ ಇಟ್ಟಳು. ಆಮೇಲೆ ನೆರೆಹೊರೆಗೆಲ್ಲ ಹೋಗಿ ಬಂದಳು. ಮೀನು ಸುಡುವಾಗ ಎಚ್ಚರವಿರಲಿ ಮಾರಾಯ್ತಿ, ಓದುವವರ ಮನೆ ಬೇಗ ಸುಟ್ಟುಹೋಗುತ್ತದೆ.

ಎರಡು ಬಾಟಲಿ ಇದರ ಜೊತೆಗಿವೆ. ಬಣ್ಣ ಚೆನ್ನಾಗಿದೆ, ನೊರೆಯೂ ನಿಲ್ಲುತ್ತದೆ. ಆದರೆ ಒಂದು ಮಾತು. ಮೂಗಿಗೆ ಹಿಡಿದರೆ ಏನೋ ಲವಂಗದ ಹಾಗೆ ಬರುತ್ತದೆ, ನುಂಗಿದ ಮೇಲೆ ಸಣ್ಣಗೆ ಹುಳಿ. ನನಗೆ ಮಾತ್ರವೋ ಏನೋ ಎಂದು ಏನೂ ಹೇಳದೆ ನಾಮಿಯೆ ಕೈಗೆ ಲೋಟ ಕೊಟ್ಟೆ. "ಹಲ್ಲಿನ ಡಾಕ್ಟರ್ ಹತ್ರ ಹೋದಂಗಾಯ್ತು," ಅಂದಳು. ಅಮ್ಮ ಅಲ್ಲೇ ಇದ್ದಳು. "ನೀನು ಗೆಣಸಿನ ಸಾರಾಯಿ ಕುಡ್ಕೊಂಡು ಬೆಳೆದೋಳು, ನಿಂಗ್ಯಾಕೆ ಇದೆಲ್ಲ? ಅವ್ಳು ಹೇಳ್ಲಿ," ಅಂದಳು.

ಅದಕ್ಕೇ ಕೇಳುತ್ತಿದ್ದೇನೆ. ಕೆಟ್ಟಿದ್ದರೆ ಈಗಲೇ ಹೇಳು, ಟ್ಯಾಂಕನ್ನು ಚರಂಡಿಗೆ ಬಿಟ್ಟು, ತೊಳೆದು, ಮತ್ತೆ ಕುದಿಸುತ್ತೇನೆ. ವಸತಿಗೃಹಗಳವರ ಕಾಲು ಹಿಡಿದಾದರೂ ಜನವರಿ ಕೊನೆಯವರೆಗೆ ಕಾಯಿಸುತ್ತೇನೆ. ಮುಲಾಜು ನೋಡಬೇಡ. ನಿನ್ನ ಒಂದು ಮಾತು ಸಾಕು.

ಮೊರಿಹಿಕೊ

(ಕೆಳಗೆ ನಾಮಿಯೆಯ ಕೈಬರಹದಲ್ಲಿ:) ಚಿಗುಸಾ, ಜ್ವರ ಬಂದಿತ್ತಂತೆ, ಇವರು ಹೇಳಿದರು. ಅತ್ತೆಗೆ ಹೇಳಿಲ್ಲ. ಶುಂಠಿ ಕಷಾಯ ಕುಡಿ. ಮೂಗು ಕಟ್ಟಿದ್ದರೆ ಬಿಸಿನೀರಿನ ಹಬೆ ತೆಗೆದುಕೋ.


ಟೋಕಿಯೊ
೩೦ ನವೆಂಬರ್ ೨೦೦೦

ಅಸಾರಿ ಮೊರಿಹಿಕೊ ಅವರಿಗೆ,

ವಿಷಯ: ಕಪ್ಪು ಬಿಯರ್, ೨೦೦೦ದ ಚಳಿಗಾಲದ ತಯಾರಿ.

ಮಾದರಿಯನ್ನು ನಿಗದಿತ ಕ್ರಮದಲ್ಲಿ, ನಿಗದಿತ ಉಷ್ಣತೆಯಲ್ಲಿ ಪರೀಕ್ಷಿಸಿದ್ದೇನೆ. ಬಣ್ಣವು ಗಾಢ ಕಂದು. ಬೆಳಕಿಗೆ ಹಿಡಿದಾಗ ಮಾಣಿಕ್ಯದ ಛಾಯೆ. ನೊರೆಯು ಸೂಕ್ಷ್ಮ ಹಾಗೂ ಸ್ಥಿರ. ಸುವಾಸನೆಯು ಹುರಿದ ಬಾರ್ಲಿಯದ್ದು, ಈ ಬಗೆಗೆ ಸಹಜವಾದದ್ದು. ರುಚಿ ಸಮತೋಲಿತ. ಕಹಿ ಮಿತವಾಗಿದೆ.

ನೀನು ಪ್ರಸ್ತಾಪಿಸಿದ ಲವಂಗದ ವಾಸನೆಯು ಗೋಧಿ ಬಿಯರಿಗೆ ಸೇರಿದ್ದು. ಕಪ್ಪು ಬಿಯರಿನಲ್ಲಿ ಅದು ಇರಲು ಕಾರಣವಿಲ್ಲ. ನಿಮ್ಮಿಬ್ಬರ ಮೂಗನ್ನು ನಂಬಬೇಡ. ಅತ್ತಿಗೆಯವರು ದಯವಿಟ್ಟು ಲೇಬಲಿನ ಕೆಲಸವನ್ನಷ್ಟೇ ನೋಡಿಕೊಳ್ಳಲಿ.

ಈ ಬಿಯರಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ತುಂಬಿಸಬಹುದು.

ಅಸಾರಿ ಚಿಗುಸಾ


ತೊಚಿಸಾವಾ
೧೭ ಡಿಸೆಂಬರ್ ೨೦೦೦

ಪ್ರೀತಿಯ ಚಿಗುಸಾಗೆ,

ಬಿಯರ್ ತುಂಬಿಸಿ ಆಯಿತು. ಮೊದಲ ಕ್ರೇಟುಗಳು ವಸತಿಗೃಹಗಳಿಗೆ ಹೋದವು, ಉಳಿದವು ಉಗ್ರಾಣದಲ್ಲಿವೆ. ನಿನ್ನ ಒಪ್ಪಿಗೆ ಪತ್ರಕ್ಕೆ ಅಮ್ಮ ಚೌಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದ್ದಾಳೆ. ನಾಮಿಯೆ ಲೇಬಲ್ ಮಾತ್ರ ನೋಡಿಕೊಳ್ಳಲಿ ಎಂದ ಸಾಲನ್ನಷ್ಟೇ ಒಂದು ಹಾಳೆಯಿಂದ ಮುಚ್ಚಿಸಿದೆ, ಬೇಜಾರು ಮಾಡ್ಕೋಬೇಡ. ಅಮ್ಮ ಬಂದವರಿಗೆಲ್ಲ ಪತ್ರ ತೋರಿಸಿ, "ನನ್ನ ಮಗಳು. ಇಡೀ ದೇಶದ ಬಿಯರಿಗೆ ಅವ್ಳೇ ನಂಬರ್ ಹಾಕೋದು," ಅನ್ನುತ್ತಾಳೆ. ದೇಶ ಸ್ವಲ್ಪ ಜಾಸ್ತಿಯಾಯಿತು ಅಂದರೆ ನನ್ನನ್ನು ಗದರುತ್ತಾಳೆ.

ನನಗೊಂದು ಕುತೂಹಲ. ಸೆಪ್ಟೆಂಬರಿನ ಪತ್ರದಲ್ಲಿ ಚಾಪೆ, ಗೆಣಸಿನ ಗಾಡಿ, ಅಜ್ಜಿಯ ಒಲೆ ಎಲ್ಲ ಇತ್ತು. ನಮ್ಮ ಬಿಯರಿನಲ್ಲಿ ನಿನಗೆ ಒಂದೂ ಕಾಣಲಿಲ್ಲವಲ್ಲ. ಅಷ್ಟು ಸಪ್ಪೆಯೇ? ಅಥವಾ ಮನೆಯವರ ಬಿಯರ್ ಎಂದು ಹೊಗಳಲು ನಾಚಿಕೆಯೇ?

ಇಲ್ಲಿ ಸೂರಿನವರೆಗೆ ಹಿಮ. ಹೊಸ ವರ್ಷಕ್ಕೆ ಬರುತ್ತೀಯಾ? ನಾಮಿಯೆ ತಾನೇ ಹೊಗೆಯಾಡಿಸಿದ ಮೂಲಂಗಿ ಕಳಿಸಿದ್ದಾಳೆ. ಮೊದಲ ಸಲ ಮಾಡಿದ್ದು. ಹೇಗಿದೆ ಎಂದು ಬರೆ, ಕಾಯುತ್ತಿದ್ದಾಳೆ.

ಮೊರಿಹಿಕೊ


ಟೋಕಿಯೊ
೪ ಜನವರಿ ೨೦೦೧

ಪ್ರಿಯ ಅಣ್ಣನಿಗೆ,

ಹೊಸ ವರ್ಷದ ಶುಭಾಶಯಗಳು. ತೀರ್ಪುಗಾರರ ಪೂರ್ವಸಿದ್ಧತೆ ನಡೆಯುತ್ತಿರುವುದರಿಂದ ಬರಲಾಗಲಿಲ್ಲ. ವೃತ್ತಿಪರ ವರದಿಯಲ್ಲಿ ಅಜ್ಜಿಯ ಒಲೆಗೆ ಸ್ಥಳವಿಲ್ಲ. ಆದ್ದರಿಂದ ಅದನ್ನು ಬರೆಯಲಿಲ್ಲ. ಇದರಲ್ಲಿ ಬೇರೆ ಅರ್ಥ ಹುಡುಕಬೇಡ.

ಮೂಲಂಗಿ ತಲುಪಿತು. ಗರಿಗರಿಯಾಗಿತ್ತು. ಅತ್ತಿಗೆಯವರಿಗೆ ಕೃತಜ್ಞತೆ ತಿಳಿಸು.

ಇಂತಿ,
ಚಿಗುಸಾ


ತೊಚಿಸಾವಾ
೨೮ ಜನವರಿ ೨೦೦೧

ಚಿಗುಸಾಗೆ,

ಮೂರು ಬಾಟಲಿ ಕಳಿಸುತ್ತಿದ್ದೇನೆ. ಮೂರೂ ಕಪ್ಪು ಬಿಯರ್. ಒಂದನೆಯ ಗುರುತಿನದು ನಮ್ಮದು. ಎರಡನೆಯದು ಹೊಕ್ಕೈಡೊದಿಂದ ತರಿಸಿದ್ದು. ಮೂರನೆಯದು ಇವಾತೆಯ ಗೆಳೆಯನೊಬ್ಬನದು. ಹೋಲಿಸಿ, ಹೇಗಿವೆ ಎಂದು ಬರೆ. ಬೇಗ ಬೇಕು.

ಬಾಟಲಿ ಬಂದ ಕೂಡಲೇ ಫ್ರಿಜ್ಜಿನಲ್ಲಿಡು. ಮುಚ್ಚಳ ತೆಗೆಯುವಾಗ ಬಟ್ಟೆ ಸುತ್ತಿ, ಮುಖ ಆಚೆ ಮಾಡಿಕೋ.

ಮೊರಿಹಿಕೊ


ಟೋಕಿಯೊ
೩ ಫೆಬ್ರವರಿ ೨೦೦೧

ಪ್ರಿಯ ಅಣ್ಣನಿಗೆ,

ಮೂರೂ ಮಾದರಿಗಳನ್ನು ಪರೀಕ್ಷಿಸಿದೆ.

ಒಂದನೆಯದು, ನಮ್ಮದು: ನವೆಂಬರಿಗಿಂತ ಪಕ್ವವಾಗಿದೆ. ಹುರಿದ ಬಾರ್ಲಿಯ ಸುವಾಸನೆ ಮೃದುಗೊಂಡು ಚಾಕೊಲೇಟಿನತ್ತ ಹೊರಳಿದೆ. ಎರಡನೆಯದು, ಹೊಕ್ಕೈಡೊದ್ದು: ಸ್ವಚ್ಛ, ಒಣ, ಶಿಸ್ತಿನದು, ಹಾಪ್ ಹೂವಿನ ಪರಿಮಳ ನಮ್ಮದಕ್ಕಿಂತ ಸ್ಪಷ್ಟ. ತಣ್ಣನೆಯ ನಾಡಿನ ಸಂಯಮ ಅದರಲ್ಲಿದೆ. ಮೂರನೆಯದು, ನಿನ್ನ ಗೆಳೆಯನದು: ಉತ್ಸಾಹ ಹೆಚ್ಚು, ಶಿಕ್ಷಣ ಕಡಿಮೆ. ಸಿಹಿ ಉಳಿದಿದೆ, ಹೊಗೆ ಅತಿಯಾಗಿದೆ. ಕ್ರಮಾಂಕ: ಎರಡು, ಒಂದು, ಮೂರು.

ಈಗ ಬೇರೊಂದು ಮಾತು. ನಿನ್ನ ಕಳೆದ ಪತ್ರದಲ್ಲಿ ಕುಶಲ ಪ್ರಶ್ನೆಯೂ ಇರಲಿಲ್ಲ. ಅತ್ತಿಗೆಯವರು ಸಾಮಾನ್ಯವಾಗಿ ಕೆಳಗೆ ಎರಡು ಸಾಲು ಸೇರಿಸುತ್ತಾರೆ; ಅದನ್ನೂ ನಿಲ್ಲಿಸಿದ್ದಾರೆ. ತೀರ್ಪುಗಾರಳಾಗಿ ನನ್ನ ಹೆಸರು ಪತ್ರಿಕೆಯಲ್ಲಿ ಬಂದದ್ದು ನಿಮಗೆ ಮುಜುಗರ ತಂದಿದ್ದರೆ ನಾನು ಅಸಹಾಯಕಳು. ಒಂದು ಮನೆಯಲ್ಲಿ ಒಬ್ಬರು ಮುಂದೆ ಹೋದಾಗ ಉಳಿದವರು ಸಂಕಟಪಡುವುದು ಸಹಜ. ನಿನ್ನಿಂದ ನಾನು ಅದನ್ನು ನಿರೀಕ್ಷಿಸಿರಲಿಲ್ಲ.

ಇಂತಿ,
ಚಿಗುಸಾ


ತೊಚಿಸಾವಾ
೧೨ ಫೆಬ್ರವರಿ ೨೦೦೧

ಚಿಗುಸಾ,

ಆ ಮೂರೂ ಬಾಟಲಿ ಒಂದೇ ಕ್ರೇಟಿನವು. ಮೂರೂ ನಮ್ಮವೇ. ಹುಳಿದು ಕೆಟ್ಟವು. ಮುಚ್ಚಳ ತೆಗೆದರೆ ಕೋಣೆಯಿಡೀ ವಿನೆಗರಿನಂತೆ ನಾರುತ್ತದೆ. ನಿನ್ನ ಕೈಯಲ್ಲಿ ಸಿಡಿಯಬಾರದೆಂದು ಒಳಗಿನ ಗಾಳಿ ಬಿಟ್ಟು, ಮತ್ತೆ ಮುಚ್ಚಿ ಕಳಿಸಿದ್ದೆ.

ನಿನ್ನ ಉತ್ತರವನ್ನು ಅಂಗಳದಲ್ಲಿ ಹಿಮ ಎತ್ತುತ್ತಾ ಓದಿದೆ. ಓದಿ ಸಲಿಕೆ ಹಿಡಿದುಕೊಂಡು ಹಾಗೇ ನಿಂತಿದ್ದೆ. ಕೋಪ ಬರಲಿಲ್ಲ ಅಂದರೆ ಸುಳ್ಳು. ಆದರೆ ಮೊದಲು ಬಂದದ್ದು ಕೋಪವಲ್ಲ. ನವೆಂಬರಿನಿಂದ ಈ ಹುಡುಗಿ ಹೀಗೆ ಒಬ್ಬಳೇ ಇದ್ದಾಳಾ ಅನಿಸಿತು. ಜ್ವರದ ಮೇಲೆಯೇ ವಾಸನೆ, ರುಚಿ ಎರಡೂ ಹೋದವು, ಅಲ್ಲವೇ? ಕರಕಲಾದ ಮೀನಿನ ಪಕ್ಕದಲ್ಲಿ ಕೂತು ಓದುತ್ತಿದ್ದೆ ಎಂದು ನೀನು ಬರೆದಾಗಲೇ ನನಗೆ ಗೊತ್ತಾಗಬೇಕಿತ್ತು. ನಾನು ಅದನ್ನು ತಮಾಷೆ ಮಾಡಿದೆ.

ಈಗ ನಾನು ಮುಚ್ಚಿಟ್ಟದ್ದು. ನಾಮಿಯೆಯ ಎಡಗಣ್ಣು ಹೋಗಿದೆ.

ಜನವರಿ ನಡುವೆ ಭಾರೀ ಚಳಿ ಬಿತ್ತು. ಉಗ್ರಾಣದಲ್ಲಿ ಎಲ್ಲವೂ ಹೆಪ್ಪುಗಟ್ಟುತ್ತಿತ್ತು. ಇಲ್ಲಿ ಕೋಸು, ಮೂಲಂಗಿ, ಸೋಯಾ ಎಲ್ಲವನ್ನೂ ಚಳಿಗೆ ಹೆಪ್ಪುಗಟ್ಟದಿರಲೆಂದು ಮನೆಯೊಳಗೆ ತಂದಿಡುವುದು ನಿನಗೆ ಗೊತ್ತಲ್ಲ. ಹೋದ ವರ್ಷದ ಬೈಗುಳ ನೆನಪಿಟ್ಟುಕೊಂಡು ಅವಳು ಉಳಿದ ಕ್ರೇಟುಗಳನ್ನೆಲ್ಲ ಹೊತ್ತು ಲೇಬಲ್ ಕೋಣೆಗೆ ತಂದಳು. ಅಲ್ಲಿ ಸೀಮೆಎಣ್ಣೆ ಹೀಟರ್ ಇದೆ. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ, ಲೇಬಲ್ ಅಂಟಿಸಲು ಬಾಟಲಿ ಎತ್ತಿಕೊಂಡಾಗ ಅದು ಮುಖದ ಮುಂದೆಯೇ ಸಿಡಿಯಿತು. ಅದರ ಹೊಡೆತಕ್ಕೆ ಕ್ರೇಟಿನಲ್ಲಿದ್ದ ಇನ್ನೆರಡು ಸಿಡಿದವು. ನಾನು ಹೋಗುವಷ್ಟರಲ್ಲಿ ಅವಳು ಒಂದು ಕೈಯಲ್ಲಿ ಕಣ್ಣು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ನೆಲ ಒರೆಸುತ್ತಿದ್ದಳು. "ಅತ್ತೆ ಬರೋ ಮುಂಚೆ ಒರೆಸ್ಬಿಡ್ತೀನಿ," ಅಂದಳು.

ವಸತಿಗೃಹಗಳಿಂದ ಎಲ್ಲ ಬಾಟಲಿ ಹಿಂದಕ್ಕೆ ತಂದೆ. ಬೇರೆ ಯಾರಿಗೂ ಏನೂ ಆಗಲಿಲ್ಲ. ಪರವಾನಗಿಯನ್ನು ತೆರಿಗೆ ಕಚೇರಿಗೆ ಹಿಂದಿರುಗಿಸಿದ್ದೇನೆ. ಬ್ರೂವರಿ ಮುಗಿಯಿತು. ನಾನು ಬರೆಯುತ್ತಿರುವುದು ಅದರ ಬಗ್ಗೆ ಅಲ್ಲ.

ಊರೆಲ್ಲ ಹೇಳುವುದು ಒಂದೇ ಮಾತು: ದಕ್ಷಿಣದ ಸೊಸೆ ಬಿಯರನ್ನು ಹೀಟರ್ ಪಕ್ಕ ಇಟ್ಟು ಮನೆ ಮುಳುಗಿಸಿದಳು. ಶುರುಮಾಡಿದ್ದು ಅಮ್ಮ. "ಒಳಗೆ ತಂದಿಡೋದು ಸರಿ, ಬೆಂಕಿ ಪಕ್ಕ ಇಡು ಅಂತ ಯಾರಾದ್ರೂ ಹೇಳಿದ್ರಾ? ನನ್ನ ಗಂಡ ಕಟ್ಟಿದ್ದನ್ನ ಎರಡೇ ಚಳಿಗಾಲದಲ್ಲಿ ತೊಳೆದಿಟ್ಲು." ನಾಮಿಯೆ ಅದನ್ನು ನಂಬಿದ್ದಾಳೆ. ಆಸ್ಪತ್ರೆಯಿಂದ ಬಂದ ಮಾರನೆಯ ದಿನವೇ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ವಸತಿಗೃಹಗಳಿಗೆ ಹೋಗಿ ಪ್ರತಿ ಬಾಗಿಲಲ್ಲೂ ನೆಲಕ್ಕೆ ಹಣೆ ಮುಟ್ಟಿಸಿ ಕ್ಷಮೆ ಕೇಳಿ ಬಂದಳು. ನಾನು ಬೇಡ ಅಂದರೆ ಕೇಳಲಿಲ್ಲ.

ಒಳ್ಳೆಯ ಬಿಯರನ್ನು ಹೀಟರ್ ಪಕ್ಕ ಇಟ್ಟರೆ ರುಚಿ ಕೆಡುತ್ತದೆ, ಬಾಟಲಿ ಸಿಡಿಯುವುದಿಲ್ಲ. ಒಳಗೆ ಕಾಡು ಯೀಸ್ಟ್ ಸೇರಿ ಮತ್ತೆ ಹುದುಗುತ್ತಿದ್ದರೆ ಮಾತ್ರ ಸಿಡಿಯುತ್ತದೆ. ಅದರ ಮೊದಲ ಗುರುತು ಲವಂಗದ ವಾಸನೆ. ಇದನ್ನೆಲ್ಲ ಹಿಂದೆ ನನಗೆ ಹೇಳಿಕೊಟ್ಟವಳು ನೀನೇ. ಅಮ್ಮನಿಗೆ ಎಷ್ಟು ಹೇಳಿದರೂ ಗೋಡೆ ತೋರಿಸುತ್ತಾಳೆ. "ಚಿಗುಸಾ ಒಪ್ಪಿದ ಬಿಯರ್ ಅದು. ಅದು ಕೆಟ್ಟಿತ್ತು ಅಂತ ನೀನು ಹೇಳ್ತೀಯಾ? ನೀನಾ?" ನಿನ್ನ ಮೂರು ಬಾಟಲಿಯ ತೀರ್ಪನ್ನೂ ತೋರಿಸಿದೆ. ಅದಕ್ಕೆ ಏನಂದಳು ಗೊತ್ತೇ? "ಬಾಟಲಿ ಅದಲುಬದಲು ಮಾಡಿರ್ತೀಯ. ಚಿಕ್ಕವನಿದ್ದಾಗ್ಲಿಂದ ನಿಂದು ಅದೇ ಕತೆ." ನನಗೆ ನಗು ಬಂತು. ಆಮೇಲೆ ನಗಲು ಆಗಲಿಲ್ಲ.

ಮಾರ್ಚಿನ ವಸಂತ ವಿಷುವದ ಹಬ್ಬಕ್ಕೆ ನಾಮಿಯೆಯನ್ನು ತವರಿಗೆ ಕಳಿಸಿಬಿಡಬೇಕೆಂದು ಅಮ್ಮ ಅವಳ ಅಣ್ಣನಿಗೆ ಫೋನ್ ಮಾಡಿದ್ದಾಳೆ. ಮತ್ತೆ ಬರುವುದಕ್ಕಲ್ಲ. ನಾನು ಜೊತೆಗೆ ಹೊರಡುತ್ತೇನೆ ಅಂದರೆ ನಾಮಿಯೆ, "ಮನೆಯನ್ನೂ ಮುರಿದೆ, ಮಗನನ್ನೂ ಕಿತ್ಕೊಂಡು ಹೋದೆ ಅನ್ನಿಸ್ಕೊಳ್ಳೋಕೆ ನಂಗೆ ಇಷ್ಟ ಇಲ್ಲ ರೀ," ಅನ್ನುತ್ತಾಳೆ. ತಪ್ಪು ತನ್ನದು ಎಂದು ನಂಬಿರುವವರೆಗೆ ಅವಳು ಇಲ್ಲಿ ನಿಲ್ಲುವುದಿಲ್ಲ, ನನ್ನನ್ನು ಜೊತೆಗೆ ಕರೆದುಕೊಂಡೂ ಹೋಗುವುದಿಲ್ಲ.

ಒಂದೇ ಒಂದು ಸಾಲು ಬರೆ. "ನವೆಂಬರಿನಲ್ಲಿ ನನಗೆ ವಾಸನೆ ತಿಳಿಯುತ್ತಿರಲಿಲ್ಲ." ಅಷ್ಟು ಸಾಕು. ನಿನ್ನ ಕೈಬರಹದಲ್ಲಿ ಬಂದರೆ ಅಮ್ಮ ನಂಬುತ್ತಾಳೆ, ಬೇರೆ ಯಾರದ್ದನ್ನೂ ನಂಬುವುದಿಲ್ಲ. ಅಮ್ಮನಿಗೂ ನಾಮಿಯೆಗೂ ಓದಿ, ಅವರೆದುರಿಗೇ ಸುಟ್ಟುಬಿಡುತ್ತೇನೆ. ಟೋಕಿಯೊದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ನಿನ್ನ ಕೆಲಸ, ನಿನ್ನ ಮೇಜು ಹಾಗೇ ಇರಲಿ, ಅದನ್ನು ನಾನು ಕೇಳುತ್ತಿಲ್ಲ.

ಮೊರಿಹಿಕೊ


ತೊಚಿಸಾವಾ
೨೮ ಫೆಬ್ರವರಿ ೨೦೦೧

ಚಿಗುಸಾ,

ನಿನ್ನಿಂದ ಉತ್ತರ ಬಂದಿಲ್ಲ. ಹಿಮದಿಂದ ಅಂಚೆ ತಡವಾಗಿದೆ ಎಂದುಕೊಂಡು ದಿನಾ ಗೇಟಿನವರೆಗೆ ಹೋಗಿ ಬರುತ್ತಿದ್ದೇನೆ.

ನಾನು ನಿನಗೆ ಬರೆದದ್ದು ನಾಮಿಯೆಗೆ ಗೊತ್ತಾಗಿದೆ. ಬೈದಳು. ಮದುವೆಯಾದ ಮೇಲೆ ಅವಳು ನನ್ನನ್ನು ಬೈದದ್ದು ಇದೇ ಮೊದಲು. "ಯಾಕ್ರೀ ಕೇಳಿದ್ರಿ? ಅವ್ಳ ಹತ್ರ ಇರೋದು ಆ ಮೂಗಿನ ಹೆಸ್ರೊಂದೇ. ನಂಗೆ ಇನ್ನೊಂದು ಕಣ್ಣಾದ್ರೂ ಇದೆ." ನಿನಗೆ ಗೊತ್ತಿರಲಿ ಎಂದು ಬರೆದೆ.

ಮಾರ್ಚ್ ಇಪ್ಪತ್ತನೆಯ ತಾರೀಖು ಅವಳ ಅಣ್ಣ ಟೋಕಿಯೊವರೆಗೆ ಬಂದು ಕಾಯುತ್ತಾನಂತೆ. ಇಲ್ಲಿಂದ ಅಲ್ಲಿಯವರೆಗೆ ಒಬ್ಬಳೇ ರೈಲಿನಲ್ಲಿ ಬರುತ್ತಾಳೆ, ಮಧ್ಯಾಹ್ನ ತಲುಪುತ್ತಾಳೆ. ಮೆಟ್ಟಿಲು ಇಳಿಯುವಾಗ ಅವಳಿಗೆ ಆಳ ತಿಳಿಯುವುದಿಲ್ಲ, ಇನ್ನೂ ಅಭ್ಯಾಸವಾಗಿಲ್ಲ.

ಇನ್ನೂ ಸಮಯವಿದೆ. ಒಂದು ಸಾಲು.

ಮೊರಿಹಿಕೊ


ಟೋಕಿಯೊ
೮ ಮಾರ್ಚ್ ೨೦೦೧

ಪ್ರಿಯ ಅಣ್ಣನಿಗೆ,

ಇಂದು ಮಾರ್ಚ್ ಎಂಟನೆಯ ತಾರೀಖು, ಗುರುವಾರ. ಈ ಪತ್ರದ ಉದ್ದೇಶ ನಿನ್ನ ಎರಡು ಪತ್ರಗಳಿಗೆ ಉತ್ತರಿಸುವುದು.

ರಾಷ್ಟ್ರೀಯ ಪರೀಕ್ಷೆ ಮೊನ್ನೆ ಮುಗಿಯಿತು. ನನಗೆ ಕಪ್ಪು ಬಿಯರ್‌ಗಳ ಮೇಜನ್ನು ಕೊಟ್ಟಿದ್ದರು. ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜು. ಎಡಕ್ಕೆ ಒಸಾಕಾದ ವೃದ್ಧರೊಬ್ಬರು, ಬಲಕ್ಕೆ ಇಸೋಬೆಯವರು. ಲೋಟಗಳು ಬರುತ್ತಿದ್ದವು, ಹೋಗುತ್ತಿದ್ದವು. ಇಸೋಬೆಯವರು ಅಂಕ ಬರೆಯುವಾಗ ಹಾಳೆಯನ್ನು ಮುಚ್ಚಿಕೊಳ್ಳುವುದಿಲ್ಲ. ಕೊನೆಯಲ್ಲಿ ಎಲ್ಲ ತೀರ್ಪುಗಾರರ ಅಂಕಗಳನ್ನು ಹೋಲಿಸಿದಾಗ ನನ್ನವು ಅವರ ಅಂಕಗಳಿಗೆ ಅತ್ಯಂತ ಸಮೀಪವಾಗಿದ್ದವು. ಮುಂದಿನ ವರ್ಷವೂ ನನ್ನನ್ನು ಕರೆಯುವುದಾಗಿ ಅಧ್ಯಕ್ಷರು ಘೋಷಿಸಿದರು. ಅಮ್ಮನಿಗೆ ಇದನ್ನು ತಿಳಿಸಬಹುದು.

ಒಂದು ಲೋಟ ಬಂದಾಗ ಒಸಾಕಾದ ವೃದ್ಧರು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ನನ್ನತ್ತ ವಾಲಿ ಕೇಳಿದರು: "ಇದ್ರಲ್ಲಿ ಯಾರದೋ ಮನೆ ಇದೆ ಅಲ್ವೇನಮ್ಮ?" ನಾನು ಹೌದೆಂದೆ. ಯಾರ ಮನೆಯೆಂದು ಅವರು ಕೇಳಲಿಲ್ಲ.

ವೈದ್ಯರನ್ನು ಡಿಸೆಂಬರಿನಲ್ಲಿ ಕಂಡಿದ್ದೇನೆ, ಫೆಬ್ರವರಿಯಲ್ಲಿ ಮತ್ತೊಬ್ಬರನ್ನು ಕಂಡಿದ್ದೇನೆ. ಅವರು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಇಪ್ಪತ್ತನೆಯ ತಾರೀಖಿನಂದು ಅತ್ತಿಗೆ ಬರುವ ರೈಲು ಮಧ್ಯಾಹ್ನ ಎಷ್ಟು ಗಂಟೆಗೆ, ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ವಿಚಾರಿಸಿದ್ದೇನೆ. ಕಚೇರಿಗೆ ರಜೆ ಹಾಕಿದ್ದೇನೆ. ಅವರ ಡಬ್ಬಿಯ ಬಾಗಿಲಲ್ಲೇ ನಿಂತಿರುತ್ತೇನೆ. ಸಾಮಾನುಗಳನ್ನು ನಾನು ಎತ್ತಿಕೊಳ್ಳುತ್ತೇನೆ. ಟೋಕಿಯೊ ನಿಲ್ದಾಣದ ಮೆಟ್ಟಿಲುಗಳು ಕಡಿದಾಗಿವೆ, ಅಂಚುಗಳು ಸವೆದಿವೆ. ಎಡಗಡೆಯಿಂದ ತೋಳು ಹಿಡಿದು ಇಳಿಸುತ್ತೇನೆ, ಅವರ ಅಣ್ಣನ ಕೈಗೆ ಒಪ್ಪಿಸುವವರೆಗೆ ಬಿಡುವುದಿಲ್ಲ. ದಾರಿಗೆ ಊಟದ ಪೆಟ್ಟಿಗೆ ಕಟ್ಟಿಸಿರುತ್ತೇನೆ. ಅವರು ಏನು ತಿನ್ನುತ್ತಾರೆಂದು ನನಗೆ ಗೊತ್ತಿಲ್ಲ, ತಿಳಿಸು.

ನೀನು ಕೇಳಿದ ಸಾಲನ್ನು ನಾನು ಬರೆಯುವುದಿಲ್ಲ.